ಫೋನು ಯಾರ ಕೈಲೋ ರೇಟು ಅವ್ರ ಕೈಲಿ

ನಮ್ಮ ಅರಸೀಕೆರೆ ಕಡೆ ವ್ಯಾಪಾರ ಅಂದ್ರೆ ಮೊದ್ಲು ಕೊಬ್ರಿ. ವರ್ಷವೆಲ್ಲ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಚೀಲ ತುಂಬೋ ಹೊತ್ಗೆ ಹೆಂಗಸರ ಸೊಂಟ ಬಿದ್ದೋಗಿರುತ್ತೆ. ಆದ್ರೆ ಅದೇ ಕೊಬ್ರಿ ತಿಪಟೂರಿನ ಹರಾಜಲ್ಲಿ ಇವತ್ತು ಎಷ್ಟಕ್ಕೆ ಹೋಯ್ತು ಅಂತ ನಮ್ಗೆ ಗೊತ್ತಾಗ್ತಿರಲಿಲ್ಲ. ಮಂಡಿಯವ್ರ ಅಂಗಡೀಲಿ ಫೋನಿತ್ತು, ನಮ್ಮನೇಲಿ ಇರ್ಲಿಲ್ಲ. ಅವ್ರು ಹೇಳಿದ್ದೇ ರೇಟು. ಅದಕ್ಕೇ ಈ ಸಲ ಫೋನಿನ ಚರಿತ್ರೆ ಬರೀತಿದೀನಿ ಕಣ್ರಮ್ಮ.

ಆಗ ಇದ್ದಿದ್ದು ಟ್ರಂಕ್ ಕಾಲ್. ಎಕ್ಸ್‌ಚೇಂಜಿಗೆ ನಂಬರ್ ಬರೆಸಿ ಗಂಟೆಗಟ್ಲೆ ಕಾಯ್ಬೇಕು. ಬೇಗ ಬೇಕಂದ್ರೆ ಅರ್ಜೆಂಟ್ ಕಾಲ್, ಅದಕ್ಕೆ ಎರಡರಷ್ಟು ದುಡ್ಡು. ಇನ್ನೂ ಬೇಗ ಅಂದ್ರೆ ಲೈಟ್ನಿಂಗ್ ಕಾಲ್, ಎಂಟರಷ್ಟು! 1960ರಲ್ಲೇ ಲಕ್ನೋ-ಕಾನ್ಪುರದ ನಡುವೆ ನೇರವಾಗಿ ನಂಬರ್ ತಿರುಗಿಸೋ ಎಸ್‌ಟಿಡಿ ಬಂದಿತ್ತು. ನಮ್ಮಂಥ ಸಣ್ಣ ಊರುಗಳಿಗೆ ಅದು ಬರೋಕೆ ಎಷ್ಟೋ ವರ್ಷ ಹಿಡೀತು.

1984ರಲ್ಲಿ ಸ್ಯಾಮ್ ಪಿತ್ರೋಡಾ ಅವ್ರ ಮುಂದಾಳತ್ವದಲ್ಲಿ ಸಿ-ಡಾಟ್ ಅನ್ನೋ ಸಂಸ್ಥೆ ಶುರುವಾಯ್ತು. ಹಳ್ಳಿಗೆ ಅಂತಲೇ 128 ಲೈನಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಎಸಿ ರೂಮು ಬೇಡ, ನಮ್ಮ ಧೂಳು ಸೆಕೆ ಎಲ್ಲ ತಡ್ಕೊಳುತ್ತೆ. ಅದರ ಮೊದಲನೇದು 1986ರಲ್ಲಿ ಕೂತಿದ್ದು ಎಲ್ಲಿ ಅಂತೀರಾ? ನಮ್ಮ ಕರ್ನಾಟಕದಲ್ಲೇ, ಚೆನ್ನಮ್ಮನ ಕಿತ್ತೂರಲ್ಲಿ! ಆಮೇಲೇನೇ ಊರೂರಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಎದ್ದಿದ್ದು. ರಾತ್ರಿ 11 ಗಂಟೆ ಮೇಲೆ ಕಾಲು ದರ ಅಂತ ಜನ ನಿದ್ದೆಗೆಟ್ಟು ಕ್ಯೂ ನಿಲ್ತಿದ್ರು, ನೆನಪಿದ್ಯಾ? ಕೊಬ್ರಿ ರೇಟು ನಮ್ಮ ಕಿವಿಗೂ ನೇರವಾಗಿ ಬಿದ್ದಿದ್ದು ಆ ಬೂತಿಂದಾನೇ.

1995ರಲ್ಲಿ ದೇಶಕ್ಕೆ ಮೊಬೈಲ್ ಬಂತು. ಆಗ ಬರೋ ಕಾಲ್‌ಗೂ ದುಡ್ಡು, 2003ರಲ್ಲಿ ಅದು ಫ್ರೀ ಆಯ್ತು. 2002ರ ಏಪ್ರಿಲ್‌ನಲ್ಲಿ ಸರ್ಕಾರ ಇಂಟರ್ನೆಟ್ ಮೂಲಕ ಮಾತಾಡೋಕೆ ಒಪ್ಪಿಗೆ ಕೊಡ್ತು, ಆದ್ರೆ ಅದು ಕಂಪ್ಯೂಟರ್ ಇದ್ದೋರಿಗೆ ಮಾತ್ರ ಅನ್ನೋಹಾಗಿತ್ತು. 2015ರಲ್ಲಿ ವಾಟ್ಸಾಪ್ ಕಾಲ್ ಬಂತು, 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. ಅಲ್ಲಿಂದ ಅದು ನಮ್ಮ ಅಡಿಗೆಮನೆಗೂ ಬಂತು.

ಇದು ಕೆಲ್ಸ ಮಾಡೋದು ಹೀಗೆ. ನಮ್ಮ ಮಾತನ್ನ ಚೂರುಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಹಚ್ಚಿ, ಇಂಟರ್ನೆಟ್‌ನಲ್ಲಿ ಕಳ್ಸುತ್ತೆ. ಆ ಕಡೆ ಫೋನು ಅವನ್ನ ಸರಿಯಾಗಿ ಜೋಡಿಸ್ಕೊಳುತ್ತೆ. ದೂರಕ್ಕೆ ಅಂತ ಬೇರೆ ದುಡ್ಡಿಲ್ಲ. ಬೇಲೂರಿಂದ ಹಳೇಬೀಡಿಗೂ ಒಂದೇ, ಅಮೆರಿಕಾಗೂ ಒಂದೇ. ಮೊದ್ಲು ಆಫೀಸಲ್ಲಿ ಹತ್ತು ಟೇಬಲ್‌ಗೆ ಹತ್ತು ವೈರು, ಮಧ್ಯೆ ಒಂದು ಪೆಟ್ಟಿಗೆ ಬೇಕಿತ್ತು. ಈಗ ಒಂದೇ ನಂಬರಿಗೆ ಬಂದ ಕಾಲು ಮೂರು ಜನದ ಮೊಬೈಲಲ್ಲಿ ಹೊಡ್ಕೊಳೋ ಹಾಗೆ ಮಾಡ್ಬೋದು. ಒಬ್ರು ಊರಿಗೆ ಹೋದ್ರೂ ಗಿರಾಕಿ ತಪ್ಪಲ್ಲ.

ಹಳೇಬೀಡಲ್ಲಿರೋ ನನ್ನ ಓರಗಿತ್ತಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರ್ತಾಳೆ. ಪುಣೆ, ದುಬೈನಲ್ಲಿರೋ ನಮ್ಮೋರು ವೀಡಿಯೊ ಕಾಲಲ್ಲಿ ಹಪ್ಪಳದ ಅಗಲ ನೋಡಿ ಆರ್ಡರ್ ಕೊಡ್ತಾರೆ. ಬಾಡಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ.

ಎಲ್ಲಾ ಸಲೀಸು ಅಂತಲ್ಲ. ಕರೆಂಟು, ನೆಟ್ಟು ಎರಡೂ ಹೋದ್ರೆ ಈ ಫೋನೂ ಮೂಕ. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿಂದಾನೇ ಕರೆಂಟ್ ಬರ್ತಿತ್ತು, ಮನೇಲಿ ಕತ್ತಲಾದ್ರೂ ಮಾತಾಡ್ತಿತ್ತು. ಅದಕ್ಕೆ ತುರ್ತಿನ 112ಕ್ಕೆ ವಾಟ್ಸಾಪ್ ನಂಬ್ಕೊಂಡು ಕೂರ್ಬೇಡಿ, ಮಾಮೂಲಿ ಕಾಲೇ ಮಾಡಿ. ಪೊಲೀಸು, ಬ್ಯಾಂಕು ಅಂತ ವೀಡಿಯೊ ಕಾಲಲ್ಲಿ ಹೆದರಿಸೋರು ಬಂದ್ರೆ ಓಟಿಪಿ ಕೊಡ್ದೆ ಕಟ್ ಮಾಡಿ.

ಇನ್ನೊಂದು ಮಾತು. ಎಷ್ಟೋ ಮನೇಲಿ ದುಡಿಯೋದು ಹೆಂಗಸು, ವ್ಯಾಪಾರದ ನಂಬರ್ ಮಾತ್ರ ಗಂಡನ್ದೋ ಮಗನ್ದೋ. ಗಿರಾಕಿ ಯಾರು, ರೇಟು ಎಷ್ಟು, ದುಡ್ಡು ಬಂತಾ ಅಂತ ಅವ್ರು ಹೇಳಿದ್ಮೇಲೇ ಇವ್ಳಿಗೆ ಗೊತ್ತಾಗೋದು. ಹಾಗಾದ್ರೆ ಮಂಡಿ ಕಾಲಕ್ಕೂ ಈ ಕಾಲಕ್ಕೂ ಏನು ವ್ಯತ್ಯಾಸ ಹೇಳಿ? ಅಕ್ಕ, ತಂಗೀರೇ, ಹಪ್ಪಳ ಒತ್ತೋ ಕೈ ನಿಮ್ದಾದ್ರೆ ಸಿಮ್ಮೂ ನಿಮ್ಮ ಹೆಸ್ರಲ್ಲೇ ಇರ್ಲಿ.