ಜಿಲೆಟಿನ್ ಕಡ್ಡಿಗಳ ಲೆಕ್ಕ ಯಾರ ಹತ್ತಿರ ಇದೆ?

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪ ಅಂದುಕೊಂಡು ಹೊರಗೆ ಓಡಿಬಂದರು. ಸಿಡಿದದ್ದು ಹುಣಸೋಡಿನ ಕಲ್ಲು ಕ್ವಾರಿ ಬಳಿ ಲಾರಿಯಲ್ಲಿದ್ದ ಸ್ಫೋಟಕ. ಕನಿಷ್ಠ ಐವರು ಸತ್ತರು. ತಿಂಗಳು ಕಳೆಯುತ್ತಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ, ಬಚ್ಚಿಟ್ಟ ಜಿಲೆಟಿನ್ ವಿಲೇವಾರಿ ಮಾಡಲು ಹೋಗಿ ಆರು ಜನ ಸತ್ತರು.

ಗಮನಿಸಿ, ಎರಡೂ ಬಂಡೆ ಸಿಡಿಸುವಾಗ ಆದ ಅವಘಡಗಳಲ್ಲ. ಸ್ಫೋಟಕ ಇರಬಾರದ ಜಾಗದಲ್ಲಿತ್ತು, ಅಷ್ಟೇ. ಗಣಿಯಲ್ಲಿ ಸುರಕ್ಷತೆ ಬೇರೆ, ಭದ್ರತೆ ಬೇರೆ ಅನ್ನೋ ವಾದ ಇಲ್ಲೇ ಬಿದ್ದುಹೋಗುತ್ತೆ.

ನಿಯಮ ಸರಳ. ಜಿಲೆಟಿನ್ ಸಿಡಿಸೋದು ಡಿಟೋನೇಟರ್. ಹಾಗಾಗಿ ಎರಡನ್ನೂ ಬೇರೆ ಬೇರೆ ಇಡಬೇಕು, ಒಟ್ಟಿಗೆ ಸಾಗಿಸಬಾರದು. ಮ್ಯಾಗಜೀನ್‌ನಿಂದ ಹೊರಬಿದ್ದದ್ದೆಲ್ಲ ರಿಜಿಸ್ಟರ್‌ಗೆ ಏರಬೇಕು, ಮಿಕ್ಕಿದ್ದು ವಾಪಸ್ ಬರಬೇಕು.

ತಪಾಸಣೆ ಮಾತ್ರ ಹಂಚಿಹೋಗಿದೆ. ಸ್ಫೋಟಕದ ಲೈಸೆನ್ಸ್ ನೋಡೋದು ನಾಗಪುರದ ಪೆಸೊ, ಕಾರ್ಮಿಕರ ಸುರಕ್ಷತೆ ಧನಬಾದ್‌ನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಕ್ವಾರಿ ಗುತ್ತಿಗೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕಳ್ಳದಾಸ್ತಾನು ಪೊಲೀಸರ ತಲೆಗೆ. ಗುತ್ತಿಗೆಯೇ ಇಲ್ಲದ ಕ್ವಾರಿಗೂ ಜಿಲೆಟಿನ್ ತಲುಪುತ್ತೆ ಅಂದರೆ, ಅದು ಲೈಸೆನ್ಸ್ ಇರುವ ಯಾರದೋ ರಿಜಿಸ್ಟರ್‌ನಿಂದಲೇ ಸೋರಿರಬೇಕು.

ಒಂದು ಕ್ವಾರಿಯಿಂದ ತಿಂಗಳಿಗೆ ಎಷ್ಟು ಟನ್ ಕಲ್ಲು ಹೊರಹೋಯ್ತು, ಅದಕ್ಕೆ ಎಷ್ಟು ಕಿಲೋ ಸ್ಫೋಟಕ ಖರ್ಚಾಯ್ತು? ತಾಳೆ ನೋಡೋದು ಒಂದು ಎಕ್ಸೆಲ್ ಶೀಟಿನ ಕೆಲಸ. ಮೊದಲ ಅಂಕಿ ರಾಜಧನದ ಕಡತದಲ್ಲಿದೆ, ಎರಡನೆಯದು ಸ್ಫೋಟಕದ ರಿಜಿಸ್ಟರ್‌ನಲ್ಲಿ. ಎರಡೂ ಬೇರೆ ಬೇರೆ ಸರ್ಕಾರಗಳ ಕಪಾಟಿನಲ್ಲಿವೆ.