ರಕ್ತಕಣದ ಗೋಡೆ, ನೀರಿನ ಬಾಗಿಲು



ಬೇಸಿಗೆಯಲ್ಲಿ ತಿಕೋಟಾ, ಬಬಲೇಶ್ವರದ ಕಡೆ ಹೋದವರು ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನು ನೋಡಿಯೇ ಇರುತ್ತೀರಿ. ಹಸಿ ದ್ರಾಕ್ಷಿಯನ್ನು ಸುಮ್ಮನೆ ಹರವಿದರೆ ಅದು ಬೇಗ ಒಣಗುವುದಿಲ್ಲ. ಸಿಪ್ಪೆಯ ಮೇಲಿರುವ ಮೇಣದ ಪದರ ಒಳಗಿನ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದಕ್ಕೇ ರೈತರು ಗೊಂಚಲುಗಳನ್ನು ಮೊದಲು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಆಮೇಲೆ ನೆರಳಿನಲ್ಲಿ ಹರವುತ್ತಾರೆ. ಅದೇ ಒಣದ್ರಾಕ್ಷಿಯನ್ನು ಮನೆಯಲ್ಲಿ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಹೋಗುವಾಗಲೂ ಬರುವಾಗಲೂ ನೀರು ಒಂದು ಗೋಡೆಯನ್ನು ದಾಟಲೇಬೇಕು.

ಈ ಉದಾಹರಣೆ ಹೇಳಿ ಅಭಿಸರಣೆ ಎಂದರೇನೆಂದು ತಿಳಿಸುತ್ತಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ನಮ್ಮ ರಕ್ತಕಣದ ಗೋಡೆ ಕೊಬ್ಬಿನದು ಅಂತ ಪುಸ್ತಕದಲ್ಲಿದೆ. ಕೊಬ್ಬು ಮತ್ತು ನೀರು ಕೂಡುವುದಿಲ್ಲ. ಹಾಗಾದರೆ ನೀರು ಹೇಗೆ ಒಳಗೆ ಹೋಗುತ್ತದೆ?" ಎಂದು ಕೇಳಿದಳು. ನಾನು ಉರ್ದು, ಕನ್ನಡ ಕಲಿಸುವವನು. ಅಂದು ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದುತ್ತ ಹೋದಂತೆ, ಇದೇ ಪ್ರಶ್ನೆಯ ಮೇಲೆ ವಿದ್ವಾಂಸರು ಎರಡು ನೂರು ವರ್ಷಗಳಿಗೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದಾರೆಂದು ತಿಳಿಯಿತು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಂಡನ್ನಿನ ವಿಲಿಯಂ ಹ್ಯೂಸನ್ ಎಂಬ ವೈದ್ಯ 1773ರಲ್ಲಿ ಕೆಂಪು ರಕ್ತಕಣಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಕಣವು ಚಪ್ಪಟೆಯಾಗಿದೆ, ಬರಿಯ ನೀರು ಬೆರೆಸಿದರೆ ಉಬ್ಬಿ ಚೆಂಡಿನಂತಾಗುತ್ತದೆ, ಉಪ್ಪು ಹೆಚ್ಚಿಸಿದರೆ ಮುದುಡುತ್ತದೆ ಎಂದು ಆತ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ಮರುವರ್ಷ ಶವಛೇದನದ ವೇಳೆ ಆದ ಗಾಯ ನಂಜಾಗಿ, ಇನ್ನೂ 34ರ ವಯಸ್ಸಿನಲ್ಲೇ ತೀರಿಕೊಂಡ. ಆಸ್ಪತ್ರೆಯಲ್ಲಿ ಇಂದು ಹಾಕುವ ಸಲೈನಿನಲ್ಲಿ ಉಪ್ಪು ಶೇಕಡಾ 0.9 ಇರುವುದರ ಹಿಂದೆ ಇರುವುದೂ ಇದೇ ಉಬ್ಬು-ಮುದುಡಿನ ಲೆಕ್ಕ. ಆ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಕ್ತಕಣಗಳ ಮೇಲೆಯೇ ಪರೀಕ್ಷಿಸಿ ತೋರಿಸಿದವರು ಹಾಲೆಂಡಿನ ಹ್ಯಾಂಬರ್ಗರ್.

ಗೋಡೆ ಕೊಬ್ಬಿನದೆಂಬ ಮಾತಿಗೂ ರಕ್ತವೇ ಸಾಕ್ಷಿ ಹೇಳಿತು. 1925ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಮನುಷ್ಯ, ನಾಯಿ, ಕುರಿ, ಆಡು, ಮೊಲ, ಗಿನಿಯಿಲಿ ಇವುಗಳ ಕೆಂಪುಕಣಗಳಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ತೆಳ್ಳಗೆ ಹರಡಿದರು. ಅದು ಕಣಗಳ ಮೈಯ ಅಳತೆಯ ಎರಡರಷ್ಟು ಜಾಗ ಹಿಡಿಯಿತು. ಅಂದರೆ ಗೋಡೆ ಎರಡು ಪದರದ್ದು. ತಮಾಷೆಯೆಂದರೆ ಅವರು ಕೊಬ್ಬನ್ನೂ ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಯಾಗಿ ಬಂತು! ಪರೀಕ್ಷೆಯಲ್ಲಿ ಹೀಗಾದರೆ ನಾವು ಅಂಕ ಕೊಡುವುದಿಲ್ಲ, ಇರಲಿ.

ಈಗ ಪ್ರಶ್ನೆ ಬಿಗಿಯಾಯಿತು. ನಮ್ಮ ವಿಜಯಪುರದ ಕೋಟೆಯನ್ನೇ ನೆನೆಯಿರಿ. ಮಳೆಗಾಲದಲ್ಲಿ ಗೋಡೆಯ ಸಂದಿಗಳಿಂದ ನೀರು ಜಿನುಗುವುದು ಬೇರೆ, ಶಹಾಪುರ ದರವಾಜೆಯಿಂದ ಜನ ಒಳಗೆ ಬರುವುದು ಬೇರೆ. ಕೊಬ್ಬಿನ ಗೋಡೆಯಲ್ಲೂ ನೀರು ಸ್ವಲ್ಪ ಜಿನುಗುತ್ತದೆ, ಇಷ್ಟೇ ಸಾಕು ಎಂದು ಬಹಳ ಮಂದಿ ನಂಬಿದ್ದರು. ಆದರೆ 1957ರಲ್ಲಿ ಅಮೆರಿಕೆಯ ಹಾರ್ವರ್ಡ್‌ನಲ್ಲಿ ಆರ್ಥರ್ ಸಾಲೊಮನ್ ಮತ್ತು ಸಂಗಡಿಗರು ಅಳೆದು ನೋಡಿ, ಮನುಷ್ಯನ ಕೆಂಪುಕಣದಲ್ಲಿ ನೀರು ಹರಿಯುವ ವೇಗಕ್ಕೆ ಜಿನುಗುವಿಕೆ ಸಾಲದು, ಎಲ್ಲೋ ರಂಧ್ರಗಳಿರಬೇಕು ಎಂದರು. 1970ರಲ್ಲಿ ರಾಬರ್ಟ್ ಮೇಸಿ ಮತ್ತು ಫಾರ್ಮರ್ ಕಣಗಳಿಗೆ ಪಾದರಸದ ಒಂದು ಸಂಯುಕ್ತವನ್ನು ಸೇರಿಸಿದಾಗ ನೀರಿನ ಓಟ ತಟ್ಟನೆ ಇಳಿಯಿತು. ಪಾದರಸ ಅಂಟಿಕೊಳ್ಳುವುದು ಪ್ರೋಟೀನಿನಲ್ಲಿರುವ ಗಂಧಕದ ಭಾಗಕ್ಕೆ. ಹಾಗಾದರೆ ಬಾಗಿಲು ಇದೆ, ಅದು ಪ್ರೋಟೀನಿನದು. ಕೋಳಿಯ ಕೆಂಪುಕಣಕ್ಕೆ ಅದೇ ಪಾದರಸ ಹಾಕಿದರೆ ಏನೂ ಆಗಲಿಲ್ಲ. ಅಲ್ಲಿ ಮುಚ್ಚಲು ಬಾಗಿಲೇ ಇರಲಿಲ್ಲ.

ಆದರೆ ಗೋಡೆಯಲ್ಲಿರುವ ಹತ್ತಾರು ಪ್ರೋಟೀನುಗಳಲ್ಲಿ ಬಾಗಿಲು ಯಾವುದು? ಇಲ್ಲಿಂದ ಕಥೆ ಎರಡು ಊರುಗಳಲ್ಲಿ ನಡೆಯುತ್ತದೆ.

ಒಂದು, ರೊಮೇನಿಯಾದ ಕ್ಲುಜ್. ಚೌಷೆಸ್ಕುವಿನ ಆಡಳಿತದ ಕಾಲವದು. ಅಲ್ಲಿ ಗಿಯೋರ್ಗೆ ಬೆಂಗಾ ಎಂಬ ವೈದ್ಯ-ವಿಜ್ಞಾನಿ ಮೊದಲು ಬೇರೆ ಪ್ರೋಟೀನುಗಳ ಗಂಧಕದ ಭಾಗಗಳನ್ನು ಇನ್ನೊಂದು ರಾಸಾಯನಿಕದಿಂದ ಮುಚ್ಚಿ, ಆಮೇಲೆ ವಿಕಿರಣ ಸೂಸುವ ಪಾದರಸ ಹಾಕಿ ಅದು ಎಲ್ಲಿ ಕೂರುತ್ತದೆಂದು ಹುಡುಕಿದರು. ನೀರಿನ ಬಾಗಿಲಿರುವ ಪ್ರೋಟೀನುಗಳ ಗುಂಪು ಅವರಿಗೆ ಸಿಕ್ಕಿತು. 1986ರಲ್ಲಿ ಎರಡು ಹೆಸರಾಂತ ಪತ್ರಿಕೆಗಳಲ್ಲಿ, ಅದರಲ್ಲೂ ಒಂದು ಅಮೆರಿಕೆಯದು, ಇದನ್ನು ಪ್ರಕಟಿಸಿದರು. ಆದರೆ ಆ ಪ್ರೋಟೀನನ್ನು ಒಂಟಿಯಾಗಿ ಬೇರ್ಪಡಿಸಿ ತೋರಿಸಲಿಲ್ಲ.

ಇನ್ನೊಂದು, ಅಮೆರಿಕೆಯ ಬಾಲ್ಟಿಮೋರ್. ಪೀಟರ್ ಆಗ್ರೆ ಅಲ್ಲಿ ಆರ್‌ಎಚ್ ರಕ್ತಗುಂಪಿನ ಪ್ರೋಟೀನನ್ನು ಹುಡುಕುತ್ತಿದ್ದರು. ಅದರ ಜೊತೆ ಬೇಡದ ಅತಿಥಿಯಂತೆ ಇನ್ನೊಂದು ಪ್ರೋಟೀನು ಮತ್ತೆ ಮತ್ತೆ ಬರುತ್ತಿತ್ತು. 1988ರಲ್ಲಿ ಅದನ್ನು ವರದಿ ಮಾಡಿದರು. ಇದು ನೀರಿನ ಬಾಗಿಲೇ ಇರಬಹುದು ನೋಡು ಎಂದು ಸೂಚಿಸಿದವರು ಅವರ ಹಳೆಯ ಗುರು ಜಾನ್ ಪಾರ್ಕರ್. ಆಗ್ರೆ ತಂಡದವರು ಆ ಪ್ರೋಟೀನು ತಯಾರಾಗುವಂತೆ ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಮೊಟ್ಟೆಗಳಿಗೆ ಸಂದೇಶವಾಹಕ ಆರ್‌ಎನ್‌ಎ ಚುಚ್ಚಿದರು. ಕಪ್ಪೆಯ ಮೊಟ್ಟೆ ಕೆರೆಯ ನೀರಿನಲ್ಲಿ ಒಡೆಯದೆ ಇರುವಂಥದ್ದು. ಚುಚ್ಚಿದ ಮೊಟ್ಟೆಗಳು ಮಾತ್ರ ತಿಳಿನೀರಿಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ಪಾದರಸ ಹಾಕಿದರೆ ಉಬ್ಬುವುದು ತಗ್ಗಿತು. 1992ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ ಬಾಗಿಲಿಗೆ ಆಕ್ವಾಪೋರಿನ್ ಎಂಬ ಹೆಸರು ಬಂತು. ಮನುಷ್ಯನ ಒಂದೊಂದು ಕೆಂಪುಕಣದಲ್ಲಿ ಇಂಥವು ಸುಮಾರು 2 ಲಕ್ಷ ಇವೆ. ಒಂದೊಂದರಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ದಾಟುತ್ತವೆ.

2003ರ ರಸಾಯನ ವಿಜ್ಞಾನದ ನೊಬೆಲ್ ಆಗ್ರೆಯವರಿಗೂ, ಪೊಟ್ಯಾಸಿಯಂ ಕಾಲುವೆಯ ರಚನೆ ತೋರಿಸಿದ ಮ್ಯಾಕಿನನ್ ಅವರಿಗೂ ಹಂಚಿಕೆಯಾಯಿತು. ಬೆಂಗಾ ಅವರ ಹೆಸರಿರಲಿಲ್ಲ. ಹಲವು ವಿಜ್ಞಾನಿಗಳು ಅವರ ಪರವಾಗಿ ದನಿ ಎತ್ತಿದರು, ಪ್ರಶಸ್ತಿ ಬದಲಾಗಲಿಲ್ಲ. ಓದಿದ ಮಟ್ಟಿಗೆ ನನಗನಿಸುವುದು ಇಷ್ಟು: ಬಾಗಿಲನ್ನು ಕೈಯಲ್ಲಿ ಹಿಡಿದು ಇದೇ ಎಂದು ತೋರಿಸಿದ್ದು ಕಪ್ಪೆಯ ಮೊಟ್ಟೆಯೇ, ಆದ್ದರಿಂದ ಆಗ್ರೆಯವರಿಗೆ ಸಂದದ್ದು ತಪ್ಪಲ್ಲ. ಆದರೆ ಬಾಗಿಲು ಯಾವ ಓಣಿಯಲ್ಲಿದೆ ಎಂದು ಆರು ವರ್ಷ ಮೊದಲೇ ಬರೆದಿಟ್ಟವರ ಹೆಸರನ್ನು ಬಿಟ್ಟು ಈ ಇತಿಹಾಸ ಹೇಳುವುದು ಸರಿಯಲ್ಲ. ಅವರ ಲೇಖನ ಯಾರಿಗೂ ಸಿಗದ ಮೂಲೆಯಲ್ಲಿ ಬಿದ್ದಿರಲಿಲ್ಲ. ಬಹಳಷ್ಟು ಪುಸ್ತಕಗಳು ಈಗಲೂ 1992ರಿಂದಲೇ ಆರಂಭಿಸುತ್ತವೆ.

ಬೆಂಗಾ ಕೆಲಸ ಬಿಡಲಿಲ್ಲ. ಆಸ್ಟ್ರೇಲಿಯಾದವರ ಜೊತೆಗೂಡಿ ಮೂವತ್ತಕ್ಕೂ ಹೆಚ್ಚು ಜಾತಿಯ ಪ್ರಾಣಿಗಳ ರಕ್ತವನ್ನು ಒಂದೇ ವಿಧಾನದಲ್ಲಿ ಅಳೆದು, ಇಪ್ಪತ್ತು ವರ್ಷಗಳ ಫಲಿತಾಂಶವನ್ನು 2012ರ ಹೊತ್ತಿಗೆ ಒಟ್ಟಿಗೆ ಕೊಟ್ಟರು. ನೀರು ಅತಿ ವೇಗವಾಗಿ ದಾಟುವುದು ಇಲಿ, ಮೊಲ, ಚಿಕ್ಕ ಚೀಲಹೊಟ್ಟೆಯ ಪ್ರಾಣಿಗಳಲ್ಲಿ: ಮನುಷ್ಯನ ಎರಡರಷ್ಟಕ್ಕೂ ಹೆಚ್ಚು. ನಾಯಿ, ಕಾಂಗರೂಗಳಲ್ಲಿ ನಮಗಿಂತ ಹೆಚ್ಚು; ಬೆಕ್ಕು, ಕುದುರೆಗಳಲ್ಲಿ ಹೆಚ್ಚುಕಡಿಮೆ ನಮ್ಮಷ್ಟೇ; ಆಕಳು, ಕುರಿ, ಆನೆಗಳಲ್ಲಿ ನಮಗಿಂತ ಕಡಿಮೆ. ಕೊನೆಯಲ್ಲಿ ಕೋಳಿ, ಪೆಂಗ್ವಿನ್, ಮೊಸಳೆ, ಮೊಟ್ಟೆಯಿಡುವ ಸಸ್ತನಿ ಎಕಿಡ್ನಾ.

ಒಂಟೆ ಎಲ್ಲಿ ಎಂದು ಕೇಳುತ್ತೀರಿ. ನಾನೂ ಮೊದಲು ಅದನ್ನೇ ಹುಡುಕಿದೆ. ಬಾಯಾರಿದ ಒಂಟೆ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರಿನಷ್ಟು ನೀರು ಕುಡಿಯಬಲ್ಲದು, ಆದರೂ ಅದರ ರಕ್ತಕಣಗಳು ಒಡೆಯುವುದಿಲ್ಲ. ಅದರ ಬಾಗಿಲು ಬೇರೆ ಇರಬಹುದೆಂದುಕೊಂಡೆ. ಇಲ್ಲ, ಒಂಟೆ ಇರುವುದು ಬೆಕ್ಕು, ಕುದುರೆ, ಮನುಷ್ಯನ ಸಾಲಿನಲ್ಲೇ. ಅದರ ಗುಟ್ಟು ಗೋಡೆಯಲ್ಲಿದೆ: ಅಂಡಾಕಾರದ ಆ ಕಣ ತನ್ನ ಗಾತ್ರದ ಎರಡರಷ್ಟಕ್ಕೂ ಹೆಚ್ಚು ಉಬ್ಬಿದರೂ ತಾಳುತ್ತದೆ.

ಆ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಸುಮ್ಮನಾಗಲಿಲ್ಲ: "ಕೋಳಿ ಬಾಗಿಲಿಲ್ಲದೆ ಚೆನ್ನಾಗಿಯೇ ಇದೆಯಲ್ಲ ಸರ್, ನಮಗ್ಯಾಕೆ ಬೇಕು?" ಕೆಂಪುಕಣದಲ್ಲಿ ಈ ಬಾಗಿಲೇ ಇಲ್ಲದ ಮನುಷ್ಯರೂ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ರಕ್ತಗುಂಪಿನ ಪರೀಕ್ಷೆಯಲ್ಲಿ ಗೊತ್ತಾದ ಅವರು ಆರೋಗ್ಯವಾಗಿಯೇ ಇದ್ದರು. 2001ರಲ್ಲಿ ಅಂಥ ಕೆಲವರನ್ನು ನೀರು ಕೊಡದೆ ಇರಿಸಿ ನೋಡಿದಾಗ ಮಾತ್ರ, ಅವರ ಮೂತ್ರಪಿಂಡ ಇತರರಂತೆ ನೀರನ್ನು ಉಳಿಸಿಕೊಳ್ಳಲಾರದೆಂದು ಕಂಡಿತು. ಅದೇ ಬಾಗಿಲು ಅಲ್ಲಿಯೂ ಇರಬೇಕಾದದ್ದು. ಮೂತ್ರಪಿಂಡದ ಮಾತು ಸರಿ, ರಕ್ತಕಣಕ್ಕೆ ಯಾಕೆ ಎಂದು ಅವಳು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.