ಬಿದ್ದುಹೋದ ಮಸೂದೆಯ ಕಥೆ

ಪೌರನೀತಿಯ ತರಗತಿಯಲ್ಲಿ ಮಸೂದೆಯೊಂದು ಕಾಯಿದೆಯಾಗುವ ಹಂತಗಳನ್ನು ನಾನು ಕಪ್ಪುಹಲಗೆಯ ಮೇಲೆ ಏಣಿಯಂತೆ ಬರೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ಮಂಡನೆ, ಸಮಿತಿ, ಚರ್ಚೆ, ಮತದಾನ, ಅಂಕಿತ. "ನಡುವಿನ ಮೆಟ್ಟಿಲಲ್ಲೇ ನಿಂತ ಮಸೂದೆಯ ಗತಿಯೇನು ಸಾರ್?" ಎಂದು ಹುಡುಗಿಯೊಬ್ಬಳು ಕೇಳಿದಾಗ, "ಅದು ಬಿದ್ದುಹೋಗುತ್ತದೆ, ಪರೀಕ್ಷೆಗೆ ಬರುವುದಿಲ್ಲ" ಎಂದು ಮುಂದಿನ ಪಾಠಕ್ಕೆ ಹೋಗಿದ್ದೆ. ಅಮೆರಿಕದ ಎರಡು ವೈದ್ಯಕೀಯ ಸಾಧನಗಳ ಚರಿತ್ರೆಯನ್ನು ಓದಿದ ಮೇಲೆ ಆ ಉತ್ತರ ಅಪೂರ್ಣವೆಂದು ತೋರಿತು.

ಮೊದಲನೆಯದು ಡಾಲ್ಕನ್ ಶೀಲ್ಡ್. ನಮ್ಮಲ್ಲಿ 'ವಂಕಿ' ಎಂದು ಕರೆಯುವ ಬಗೆಯ ಗರ್ಭನಿರೋಧಕವಿದು. ಎ.ಎಚ್. ರಾಬಿನ್ಸ್ ಕಂಪೆನಿ 1971ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಂದಿನ ಅಮೆರಿಕದಲ್ಲಿ ಔಷಧಿಗೆ ಪೂರ್ವಾನುಮತಿ ಬೇಕಿತ್ತು, ಇಂತಹ ಸಾಧನಕ್ಕೆ ಬೇಕಿರಲಿಲ್ಲ. ಹಲವು ಎಳೆಗಳಿಂದ ಕೂಡಿದ ಅದರ ದಾರವು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ರೋಗಾಣುಗಳನ್ನು ಗರ್ಭಕೋಶಕ್ಕೆ ಒಯ್ಯುತ್ತಿತ್ತು. ಸೋಂಕು, ಗರ್ಭಪಾತ, ಸಾವುಗಳ ವರದಿಗಳು ಬಂದವು. 1974ರಲ್ಲಿ ಅಲ್ಲಿ ಮಾರಾಟ ನಿಂತಿತು. ಈ ದುರಂತವೂ ಒಂದು ಮುಖ್ಯ ಪ್ರೇರಣೆಯಾಗಿ, 1976ರ ಮೇ 28ರಂದು ಅಧ್ಯಕ್ಷ ಫೋರ್ಡ್ ವೈದ್ಯಕೀಯ ಸಾಧನಗಳ ತಿದ್ದುಪಡಿ ಕಾಯಿದೆಗೆ ಅಂಕಿತ ಹಾಕಿದರು. ಅಪಾಯ ಹೆಚ್ಚಿರುವ ಹೊಸ ಸಾಧನಗಳು ಇನ್ನು ಮುಂದೆ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ, ಅಂದರೆ ಎಫ್‌ಡಿಎಯ, ಪರೀಕ್ಷೆಗೆ ಒಳಪಡಬೇಕಾಯಿತು.

ಆ ಕಾಯಿದೆಯಲ್ಲಿ ಒಂದು ಚಿಕ್ಕ ವಿಧಿಯಿತ್ತು: ಕೇಂದ್ರದ ನಿಯಮಕ್ಕಿಂತ ಭಿನ್ನವಾದ ನಿಯಮವನ್ನು ರಾಜ್ಯಗಳು ಸಾಧನಗಳ ಮೇಲೆ ಹೇರುವಂತಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದು ಮತದಿಂದ ಇದಕ್ಕೆ ವಿಶಾಲಾರ್ಥ ನೀಡಿತು. ಎಫ್‌ಡಿಎಯ ಪೂರ್ಣ ಪರೀಕ್ಷೆ ದಾಟಿದ ಸಾಧನದಿಂದ ಹಾನಿಯಾದರೆ, ರಾಜ್ಯದ ಕಾನೂನಿನಡಿ ತಯಾರಕರ ಮೇಲೆ ಪರಿಹಾರದ ದಾವೆ ಹೂಡುವುದು ಬಹುಮಟ್ಟಿಗೆ ಅಸಾಧ್ಯವಾಯಿತು. ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಒಬ್ಬರೇ ಭಿನ್ನಮತ ಬರೆದರು. ಒಂದು 'ಶೀಲ್ಡ್'ನಿಂದ ನೊಂದವರ ಸಲುವಾಗಿ ಹುಟ್ಟಿದ ಕಾಯಿದೆಯೇ ತಯಾರಕರ ಗುರಾಣಿಯಾದದ್ದು ಎಂತಹ ವಿಪರ್ಯಾಸ!

ಈ ಗುರಾಣಿಗೆ ಎದುರಾದವರು ಎಶ್ಶೂರ್ ಎಂಬ ಎರಡನೆಯ ಸಾಧನವನ್ನು ಧರಿಸಿದ್ದ ಮಹಿಳೆಯರು. ಇದು ನಿಕಲ್ ಮತ್ತು ಟೈಟೇನಿಯಂ ಮಿಶ್ರಲೋಹದ ಪುಟ್ಟ ಸುರುಳಿ. ಹೊಟ್ಟೆ ಕೊಯ್ಯದೆ ಅಂಡನಾಳಗಳಲ್ಲಿ ಇದನ್ನು ಇರಿಸಿದರೆ ಸುತ್ತ ಅಂಗಾಂಶ ಬೆಳೆದು ನಾಳ ಮುಚ್ಚುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇದೊಂದು ಸುಲಭ ಬದಲಿ ಎನ್ನಲಾಗಿತ್ತು. 2002ರಲ್ಲಿ ಅನುಮತಿ ದೊರೆಯಿತು. 2013ರಲ್ಲಿ ತಯಾರಕ ಕಂಪೆನಿಯನ್ನು ಬೇಯರ್ ಕೊಂಡಿತು. ಅಷ್ಟರಲ್ಲಿ ತೀವ್ರ ನೋವು, ರಕ್ತಸ್ರಾವ, ನಾಳದ ಛೇದ, ಸುರುಳಿ ಸ್ಥಾನಪಲ್ಲಟವಾಗುವುದು ಮುಂತಾದ ದೂರುಗಳು ಹೆಚ್ಚಿದ್ದವು. ನೊಂದವರು ಫೇಸ್‌ಬುಕ್ಕಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡು ಸಹಸ್ರಾರು ಸಂಖ್ಯೆಯಲ್ಲಿ ಒಂದಾದರು.

ನ್ಯಾಯಾಲಯದ ದಾರಿ ಕಿರಿದಾದುದರಿಂದ ಅವರು ಶಾಸನಸಭೆಯ ಬಾಗಿಲನ್ನೂ ತಟ್ಟಿದರು. ಪೆನ್ಸಿಲ್ವೇನಿಯಾದ ಪ್ರತಿನಿಧಿ ಮೈಕ್ ಫಿಟ್ಜ್‌ಪ್ಯಾಟ್ರಿಕ್ 2015ರ ನವೆಂಬರಿನಲ್ಲಿ 'ಇ-ಫ್ರೀ' ಮಸೂದೆಯನ್ನು ಮಂಡಿಸಿದರು. ಎಶ್ಶೂರ್‌ಗೆ ನೀಡಿದ ಅನುಮತಿಯನ್ನು 60 ದಿನಗಳೊಳಗೆ ಎಫ್‌ಡಿಎ ಹಿಂತೆಗೆದುಕೊಳ್ಳಬೇಕೆಂಬುದೇ ಅದರ ಸಾರ. ಒಂದೇ ಸಾಧನವನ್ನು ಹೆಸರಿಸಿ ಮಸೂದೆ ತರುವುದು ಅಪರೂಪ. ಅದು ಸಮಿತಿಯ ಮೆಟ್ಟಿಲನ್ನು ದಾಟಲಿಲ್ಲ. 2017ರ ಜನವರಿಯಲ್ಲಿ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು.

ಆದರೆ ಅದರ ಸುತ್ತ ಎದ್ದ ದನಿ ಬಿದ್ದುಹೋಗಲಿಲ್ಲ. 2016ರಲ್ಲೇ ಎಫ್‌ಡಿಎ ಪೆಟ್ಟಿಗೆಯೊಳಗಿನ ಕಟ್ಟೆಚ್ಚರಿಕೆಯನ್ನು ಮುದ್ರಿಸಲು ಹೇಳಿ, ಹೊಸ ಅಧ್ಯಯನಕ್ಕೂ ಆಜ್ಞಾಪಿಸಿತು. ಆ ಬಳಿಕ ಅಮೆರಿಕದಲ್ಲಿ ಮಾರಾಟ ಸುಮಾರು ಶೇ. 70ರಷ್ಟು ಕುಸಿಯಿತು. 2018ರ ಏಪ್ರಿಲಿನಲ್ಲಿ ಮಾರಾಟದ ಮೇಲೆ ನಿರ್ಬಂಧಗಳು ಬಂದವು. ಸಾಧನ ಸುರಕ್ಷಿತವೆಂಬ ನಿಲುವನ್ನು ಬಿಡದ ಬೇಯರ್, ವ್ಯಾಪಾರದ ಕಾರಣ ಹೇಳಿ ಆ ವರ್ಷಾಂತ್ಯಕ್ಕೆ ಅದನ್ನು ಅಮೆರಿಕದ ಮಾರುಕಟ್ಟೆಯಿಂದಲೂ ತೆಗೆಯಿತು. ಗುರಾಣಿಯ ಸಂದುಗಳಲ್ಲಿ ನುಸುಳಿ ಉಳಿದುಕೊಂಡ ದಾವೆಗಳೂ ಇದ್ದವು. 2020ರಲ್ಲಿ, ತಪ್ಪೊಪ್ಪಿಕೊಳ್ಳದೆಯೇ, ಸುಮಾರು 39,000 ದೂರುಗಳ ಪೈಕಿ ಶೇ. 90ರಷ್ಟನ್ನು 160 ಕೋಟಿ ಡಾಲರಿಗೆ ಇತ್ಯರ್ಥಪಡಿಸುವುದಾಗಿ ಕಂಪೆನಿ ಪ್ರಕಟಿಸಿತು.

ಸಾಧನವೇನೋ ಹೋಯಿತು, ಗುರಾಣಿ ಉಳಿಯಿತು. ತಯಾರಕರಿಗೆ ಆ ವಿಧಿಯಿಂದ ದೊರೆತ ರಕ್ಷಣೆಯನ್ನು ಸಡಿಲಿಸುವ ಮಸೂದೆಯನ್ನೂ ಫಿಟ್ಜ್‌ಪ್ಯಾಟ್ರಿಕ್ 2016ರಲ್ಲಿ ತಂದಿದ್ದರು, ಅದೂ ಅಂಗೀಕಾರವಾಗಲಿಲ್ಲ. ಅವರು 2020ರ ಜನವರಿಯಲ್ಲಿ ತೀರಿಕೊಂಡರು.

ಅಂದು ಪ್ರಶ್ನೆ ಕೇಳಿದ್ದ ಹುಡುಗಿ ಇದನ್ನು ಓದುತ್ತಿದ್ದರೆ, ತಡವಾದ ನನ್ನ ಉತ್ತರ ಇದು ತಾಯಿ: ಬಿದ್ದುಹೋದ ಮಸೂದೆಯೂ ಕೆಲಸ ಮಾಡಬಲ್ಲದು, ಆದರೆ ಅರ್ಧ ಕೆಲಸ. ಉಳಿದರ್ಧಕ್ಕೆ ಏಣಿಯನ್ನು ಮತ್ತೆ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು.